ಕಟ್ಟು ಹಾಕಿದವರು ಡಾಕ್ಟರೋ, ಅಸಿಸ್ಟೆಂಟೋ?

ಕೈಕಾಲು ಮುರಿದುಕೊಂಡು ಖಾಸಗಿ ಮೂಳೆ ಆಸ್ಪತ್ರೆಗೆ ಹೋಗಿ ಬಂದವರನ್ನು ಕೇಳಿ ನೋಡಿ. ‘ದೊಡ್ಡ ಡಾಕ್ಟ್ರು ಎಕ್ಸ್‌ರೇ ನೋಡಿದ್ರು, ಎರಡು ಮಾತಾಡಿದ್ರು, ಹೊರಟುಹೋದ್ರು. ಆಮೇಲೆ ಚಿಕ್ಕ ಡಾಕ್ಟ್ರು ಬಂದು ಕಟ್ಟು ಹಾಕಿದ್ರು’ ಅಂತಾರೆ. ಈ ಚಿಕ್ಕ ಡಾಕ್ಟರು ಎಷ್ಟೋ ಸಲ ಡಾಕ್ಟರೇ ಅಲ್ಲ. ಬಿಳಿ ಕೋಟು ಇದೆ, ಕೊರಳಲ್ಲಿ ಸ್ಟೆತಾಸ್ಕೋಪು ಇದೆ. ಓದಿದ್ದು ಮಾತ್ರ ಫಿಜಿಷಿಯನ್ ಅಸಿಸ್ಟೆಂಟ್ ಕೋರ್ಸು.

ಹಾಗಂತ ಇವರನ್ನು ನಕಲಿ ಡಾಕ್ಟರ ಪಟ್ಟಿಗೆ ಸೇರಿಸಿದರೆ ಅನ್ಯಾಯವಾಗುತ್ತದೆ. ಈ ಕಸುಬು ಹುಟ್ಟಿದ್ದು 1965ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ನೌಕಾದಳದಲ್ಲಿ ಗಾಯಾಳುಗಳನ್ನು ನೋಡಿಕೊಂಡು ಅನುಭವ ಇದ್ದವರನ್ನೇ ಆರಿಸಿ ಡಾ. ಯೂಜೀನ್ ಸ್ಟೆಡ್ ತರಬೇತಿ ಕೊಟ್ಟರು. ನಮ್ಮ ದೇಶಕ್ಕೆ ಇದನ್ನು 1992ರಲ್ಲಿ ಮದರಾಸಿನಲ್ಲಿ ತಂದವರು ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್. ಹೃದಯದಿಂದ ಶುರುವಾದದ್ದು ಈಗ ಮೂಳೆಯವರೆಗೂ ಬಂದಿದೆ.

ಮೂಳೆ ವಿಭಾಗದಲ್ಲಿ ಇವರ ಕೆಲಸ ಸಣ್ಣದಲ್ಲ. ರೋಗಿ ಬಿದ್ದದ್ದು ಹೇಗೆ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ ಬರೆಯಬೇಕು. ಆಪರೇಷನ್ನಿನಲ್ಲಿ ಸರ್ಜನ್ ಜೊತೆ ನಿಂತು ಕಾಲು ಹಿಡಿಯಬೇಕು. ಅವರು ಹೇಳಿದಂತೆ ಹೊಲಿಗೆ, ಪ್ಲಾಸ್ಟರು, ಡ್ರೆಸಿಂಗು. ಎಲ್ಲಕ್ಕಿಂತ ದೊಡ್ಡದು ಪ್ಲಾಸ್ಟರ್ ಹಾಕಿದ ಮೇಲಿನ ಮೊದಲ ರಾತ್ರಿ. ಒಳಗೆ ಬಾವು ಏರುತ್ತದೆ, ಪ್ಲಾಸ್ಟರ್ ಹಿಗ್ಗುವುದಿಲ್ಲ. ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆರಳು ನೀಡಿದಾಗ ಪ್ರಾಣ ಹೋದಂತಾದರೆ, ನೋವಿನ ಮಾತ್ರೆಗೂ ಬಗ್ಗದಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ. ಆರು ಗಂಟೆ ರಕ್ತ ಸರಿಯಾಗಿ ಓಡದಿದ್ದರೆ ಮಾಂಸಖಂಡ ಸಾಯಲು ಸಾಕು. ಮೂಳೆಯೇನೋ ಕೂಡುತ್ತದೆ, ಬೆರಳು ಮಾತ್ರ ಮಡಚಿಕೊಂಡೇ ಉಳಿಯುತ್ತದೆ. ಕೂಲಿ ಮಾಡಿ ಉಣ್ಣುವವನ ಕೈ ಅದು ಸ್ವಾಮಿ!

ಇದನ್ನು ಹಳ್ಳಿಯ ಅಜ್ಜಿಗೆ ಅವಳ ಭಾಷೆಯಲ್ಲಿ ಕೂತು ಹೇಳುವವರು ಯಾರು? ನೂರು ಜನ ಕಾಯುತ್ತಿರುವ ಸರ್ಜನ್‌ಗೆ ಪುರುಸೊತ್ತಿಲ್ಲ. ಅಸಿಸ್ಟೆಂಟ್ ಇರುವುದೇ ಇದಕ್ಕೆ. ಜನ ಪುತ್ತೂರು ಕಟ್ಟಿಗೆ (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು) ಯಾಕೆ ಓಡುತ್ತಾರೆ? ದುಡ್ಡಿನ ವಿಷಯ ಒಂದು. ಅಲ್ಲಿ ಕೈ ಮುಟ್ಟಿ ಮಾತಾಡಿಸುತ್ತಾರೆ ಅನ್ನುವುದು ಇನ್ನೊಂದು. ಬಿದಿರು ದಬ್ಬೆಯ ಬಿಗಿ ಹೆಚ್ಚಾದರೆ ಅಲ್ಲೂ ಬೆರಳು ಕೊಳೆಯುತ್ತದೆ, ಆ ಮಾತು ಬೇರೆ.

ಹಾಗಾದರೆ ತಕರಾರು ಏನು? ರೋಗಿಗೆ ತನ್ನ ಮುಂದೆ ನಿಂತವರು ಯಾರೆಂದೇ ಗೊತ್ತಿಲ್ಲ ಅನ್ನುವುದು. ಆಸ್ಪತ್ರೆಯವರಿಗೂ ಅದು ಗೊತ್ತಾಗದಿದ್ದರೇ ಅನುಕೂಲ. ಡಾಕ್ಟರ ಫೀಸು ಬರುತ್ತದೆ, ಅಸಿಸ್ಟೆಂಟ್ ಸಂಬಳದಲ್ಲಿ ಕೆಲಸ ಆಗುತ್ತದೆ. ಎಡವಟ್ಟಾದರೆ ತಲೆ ಕೊಡುವವನು ಆ ಹುಡುಗನೇ.

2021ರ ಕೇಂದ್ರ ಕಾಯ್ದೆ ಈ ಕಸುಬನ್ನು ‘ಫಿಜಿಷಿಯನ್ ಅಸೋಸಿಯೇಟ್’ ಎಂಬ ಹೆಸರಿನಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಇಂಗ್ಲೆಂಡಿನಲ್ಲೂ ಇದೇ ಹೆಸರಿತ್ತು. ಜನ ಇವರನ್ನೇ ಡಾಕ್ಟರೆಂದು ತಿಳಿಯುತ್ತಿದ್ದಾರೆ ಎಂದು ಅಲ್ಲಿ ದೊಡ್ಡ ಜಗಳವೇ ಆಯಿತು. ಸರ್ಕಾರ ನೇಮಿಸಿದ ಪ್ರೊ. ಗಿಲಿಯನ್ ಲೆಂಗ್ 2025ರ ಜುಲೈನಲ್ಲಿ ವರದಿ ಕೊಟ್ಟರು. ಮತ್ತೆ ‘ಅಸಿಸ್ಟೆಂಟ್’ ಎಂದೇ ಕರೆಯಿರಿ, ಬೇರೆ ಉಡುಪು, ಬೇರೆ ಬ್ಯಾಡ್ಜ್ ಕೊಡಿ, ಕಾಯಿಲೆ ಏನೆಂದು ತಿಳಿಯದ ರೋಗಿಯನ್ನು ಇವರ ಕೈಗೆ ಒಪ್ಪಿಸಬೇಡಿ ಎಂದರು. ಅವರು ಬಿಟ್ಟ ಹೆಸರನ್ನು ನಾವು ಹಿಡಿದುಕೊಂಡಿದ್ದೇವೆ.

ಹೆಸರು ಏನಾದರೂ ಇರಲಿ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ತೂಗುಹಾಕಬೇಕೆಂದು ನಮ್ಮ ರಾಜ್ಯದ 2007ರ ಕಾಯ್ದೆಯೇ ಹೇಳುತ್ತದೆ. ಅದರ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಆ ಪಟ್ಟಿಯ ಪಕ್ಕದಲ್ಲಿ ಡಾಕ್ಟರು ಯಾರು, ಅಸಿಸ್ಟೆಂಟ್ ಯಾರು, ಓದಿದ್ದೇನು ಎಂದು ಕನ್ನಡದಲ್ಲಿ ಬರೆಸಲು ಎಷ್ಟು ಖರ್ಚಾದೀತು? ಹಾಗೆಯೇ ಡಿಸ್ಚಾರ್ಜ್ ಚೀಟಿಯ ಮೇಲೆ ಇನ್ನೊಂದು ಸಾಲು: ರಾತ್ರಿ ಹನ್ನೆರಡಕ್ಕೆ ಬೆರಳು ನೀಲಿಯಾದರೆ ಮಾಡಬೇಕಾದ ಫೋನ್ ನಂಬರು, ಅದನ್ನು ಎತ್ತುವವರ ಹೆಸರು.