ಉತ್ತರವಿತ್ತವರು ಯಾರು?

ಹಳ್ಳಿಗಳಲ್ಲಿ ಆರೋಗ್ಯ ಸಮೀಕ್ಷೆಯನ್ನು ಒಮ್ಮೆ ನಡೆಸಿ, ಕೆಲವು ವರ್ಷಗಳ ಮೇಲೆ ಪುನಃ ನಡೆಸುವುದುಂಟು. ಎರಡು ಸಲದ ಅಂಕೆಗಳನ್ನು ಹೋಲಿಸಿ ರೋಗವು ಏರಿತೆಂದೋ ಇಳಿಯಿತೆಂದೋ ನಿರ್ಣಯಿಸುತ್ತಾರೆ. ಈ ನಿರ್ಣಯವನ್ನು ಒಪ್ಪುವ ಮೊದಲು, ಉತ್ತರವಿತ್ತವರು ಯಾರೆಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಹಾವೇರಿ ಜಿಲ್ಲೆಯನ್ನೇ ನೋಡೋಣ. ಬ್ಯಾಡಗಿಯು ಒಣಮೆಣಸಿನಕಾಯಿಯ ದೊಡ್ಡ ಪೇಟೆ. ಸುಗ್ಗಿಯಲ್ಲಿ ಅನೇಕ ಹೆಣ್ಣುಮಕ್ಕಳು ಅಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಘಾಟಿನ ದೂಳಿನಲ್ಲಿಯೇ ಅವರ ಹಗಲು ಕಳೆಯುತ್ತದೆ. ರಾಣೆಬೆನ್ನೂರಿನ ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಕೈಯಿಂದಲೇ ಪರಾಗವನ್ನು ಮುಟ್ಟಿಸುವ ಕೆಲಸವೂ ಬಹುಮಟ್ಟಿಗೆ ಹೆಂಗಸರದೇ. ನಡುಹಗಲಲ್ಲಿ ಪ್ರಶ್ನಾವಳಿಯೊಡನೆ ಬಂದವರಿಗೆ ಇವರು ಮನೆಯಲ್ಲಿ ಸಿಕ್ಕಾರೆ? ವೃದ್ಧರೂ ಕೂಲಿಗೆ ಹೋಗಬೇಕಿಲ್ಲದ ಸ್ಥಿತಿವಂತರೂ ಸಿಕ್ಕಾರು.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಮೆಣಸಿನಕಾಯಿಯ ಕೆಲಸದವರಲ್ಲಿ ನೂರಕ್ಕೆ 30 ಮಂದಿಗೂ ಇತರರಲ್ಲಿ ನೂರಕ್ಕೆ 10 ಮಂದಿಗೂ ಕೆಮ್ಮು ಇದೆಯೆನ್ನೋಣ. ಮೊದಲ ಸಮೀಕ್ಷೆಯಲ್ಲಿ ಎರಡೂ ಗುಂಪಿನಿಂದ 50 ಮಂದಿಯಂತೆ ಉತ್ತರಿಸಿದರೆ ಕೆಮ್ಮಿನವರು 15 ಮತ್ತು 5, ಒಟ್ಟು 20. ಎರಡನೆಯದರಲ್ಲಿ ಕೆಲಸದವರು 10 ಮಂದಿ, ಇತರರು 90 ಮಂದಿಯಾದರೆ 3 ಮತ್ತು 9, ಒಟ್ಟು 12. ಒಬ್ಬರ ಕೆಮ್ಮೂ ವಾಸಿಯಾಗಲಿಲ್ಲ. ಅಂಕೆ ಮಾತ್ರ ಇಳಿಯಿತು! ಈ ಇಳಿತವನ್ನು ನಂಬಿ ಔಷಧದ ಸರಬರಾಜನ್ನು ತಗ್ಗಿಸಿದರೆ ನಷ್ಟಪಡುವವರು ಉತ್ತರ ಹೇಳಲು ಸಿಗದಿದ್ದವರೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 1992-93ರಿಂದ 2019-21ರವರೆಗೆ ಐದು ಸುತ್ತು ನಡೆಯಿತು. ಪ್ರತಿ ಸುತ್ತಿಗೂ ಮನೆಗಳನ್ನು ಹೊಸದಾಗಿ ಆರಿಸುತ್ತಾರೆ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಕ್ರಮ ಬೇರೆ. 2004-05ರಲ್ಲಿ ಕಂಡ ಕುಟುಂಬಗಳನ್ನೇ ಅದು 2011-12ರಲ್ಲಿ ಮತ್ತೆ ಹುಡುಕಿತು. ನೂರಕ್ಕೆ ಸುಮಾರು 83 ದೊರೆತವು. ಇಂಥ ಕ್ರಮದಲ್ಲಿ ದೊರೆಯದವರು ಕೂಲಿಯನ್ನರಸಿ ಊರು ಬಿಟ್ಟ ಬಡವರೇ ಆದರೆ, ಉಳಿದವರ ಆರೋಗ್ಯವು ಊರಿನ ಆರೋಗ್ಯವೆನಿಸಲಾರದು.

ವಿದ್ಯೆಯೂ ಉತ್ತರವನ್ನು ಬದಲಿಸುತ್ತದೆ. ಆಯುಷ್ಯವು ಅಧಿಕವಾದ ಕೇರಳದಲ್ಲಿಯೇ ತಮಗೆ ಕಾಯಿಲೆಯಿದೆಯೆನ್ನುವವರು ಹೆಚ್ಚು, ಬಿಹಾರದಲ್ಲಿ ಕಡಿಮೆ ಎಂಬ ವಿಚಿತ್ರವನ್ನು ಅಮರ್ತ್ಯ ಸೇನರು 2002ರಲ್ಲಿ ಎತ್ತಿ ತೋರಿಸಿದರು. ಓದುಬರಹವೂ ವೈದ್ಯರ ನೆರವೂ ಇರುವಲ್ಲಿ ಜನರು ರೋಗವನ್ನು ರೋಗವೆಂದು ಗುರುತಿಸುತ್ತಾರೆ. ಇಲ್ಲದಲ್ಲಿ ಅದನ್ನು ಹಣೆಬರಹವೆಂದು ಸಹಿಸುತ್ತಾರೆ.

ಆದುದರಿಂದ ಪ್ರತಿಯೊಂದು ವರದಿಯೂ ರೋಗದ ಅಂಕೆಯ ಪಕ್ಕದಲ್ಲಿಯೇ ಉತ್ತರವಿತ್ತವರ ವಯಸ್ಸು, ಲಿಂಗ, ಕಸಬು, ವಿದ್ಯೆ, ಜಮೀನುಗಳ ವಿವರವನ್ನೂ, ಸಿಗದವರ ಸಂಖ್ಯೆಯನ್ನೂ ಅಚ್ಚು ಹಾಕಬೇಕು. ಹಗಲು ಸಿಗದವರ ಮನೆಗೆ ಸಂಜೆ ಹೋಗಬೇಕು. ಇದರಿಂದ ವೆಚ್ಚವೂ ಶ್ರಮವೂ ಹೆಚ್ಚುವುದು ನಿಜ. ಆದರೆ ತಪ್ಪು ಅಂಕೆಯನ್ನು ನಂಬಿ ನಡೆಯುವುದರ ವೆಚ್ಚ ಅದಕ್ಕಿಂತ ದೊಡ್ಡದು. ವಿದ್ಯಾರ್ಥಿಗಳಾದ ನೀವು ನಾಳೆ ಸಮೀಕ್ಷೆಗೆಂದು ಹಳ್ಳಿಗೆ ಹೋದಾಗ, ಬೀಗ ಹಾಕಿದ ಮನೆಯನ್ನು ಬಿಟ್ಟು ಮುಂದೆ ಹೋಗಬೇಡಿರಿ. ನಾವು ತಿಳಿಯಬೇಕಾದ ಸಂಗತಿಯು ಆ ಬೀಗದ ಹಿಂದೆಯೇ ಇದ್ದೀತು.