ಕೊಳ್ಳುವ ಮುನ್ನ: ಮನೆಗೊಂದು ಕ್ಯಾಮರಾ

ನಡುಮನೆಯ ಗೋಡೆಯ ಮೇಲೆ ತಾತನ ಭಾವಚಿತ್ರವೊಂದು ತೂಗುತ್ತಿದೆ. ಅರವತ್ತು ವರ್ಷಗಳ ಹಿಂದೆ ಊರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಪೇಟದ ಅಂಚು, ಕನ್ನಡಕದ ಕಡ್ಡಿ, ಕುರ್ಚಿಯ ತೋಳಿನ ಮೇಲಿಟ್ಟ ಕೈಯ ನರಗಳು, ಎಲ್ಲವೂ ಇಂದಿಗೂ ಸ್ಪಷ್ಟವಾಗಿವೆ. ಅಜ್ಜಿಯ ಚಿತ್ರಗಳಾದರೋ ಮನೆಮಂದಿಯ ಮೊಬೈಲುಗಳಲ್ಲಿ ಸಾವಿರಕ್ಕೆ ಕಡಿಮೆಯಿಲ್ಲ. ಚೌಕಟ್ಟು ಹಾಕಿಸಿ ಇಡಲು ತಕ್ಕದ್ದು ಮಾತ್ರ ಒಂದೂ ಇಲ್ಲ. ಸಂಜೆ ದೀಪದ ಬೆಳಕಿನಲ್ಲಿ ಹೂ ಕಟ್ಟುತ್ತ ಕುಳಿತ ಎಂಬತ್ತೆರಡರ ಆ ಮುದುಕಿಯನ್ನು ಮೊಮ್ಮಗಳು ಎಷ್ಟು ಸಲ ತೆಗೆದರೂ ಕೈಗಳು ಮಸಕು, ಮುಖಕ್ಕೆ ಮೇಣ ಸವರಿದಂತಹ ನುಣುಪು.

“ಅಪ್ಪಾ, ಈ ದೀಪಾವಳಿಗೆ ನನಗೆ ಬಟ್ಟೆ ಬೇಡ. ಒಂದು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾ ಕೊಡಿಸಿ” ಎಂದಳು ಕಾಲೇಜಿಗೆ ಹೋಗುವ ಮಗಳು.

“ಕೊಡಿಸೋಣಮ್ಮ. ಆದರೆ ಎಷ್ಟಾಗುತ್ತದೆ?” ಎಂದರು ತಂದೆ.

“ಮೊಬೈಲಿನಲ್ಲಿ ಕ್ಯಾಮರಾ ಇದೆಯಲ್ಲ, ಮತ್ತೊಂದು ಏಕೆ?” ಎಂದು ತಾಯಿ ಅಡಿಗೆಮನೆಯಿಂದಲೇ ಕೇಳಿದರು.

ಇಂತಹ ಮಾತುಕತೆ ಇಂದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಮೂವರ ಮಾತಿನಲ್ಲಿಯೂ ನ್ಯಾಯವಿದೆ. ಆದುದರಿಂದ ಮೂರಕ್ಕೂ ಉತ್ತರ ಹುಡುಕಿಕೊಂಡ ಮೇಲೆಯೇ ಅಂಗಡಿಯ ಮೆಟ್ಟಲು ಹತ್ತುವುದು ಲೇಸು.

ತಾಯಿಯ ಪ್ರಶ್ನೆ

ಹಗಲು ಬೆಳಕಿನಲ್ಲಿ, ಪ್ರವಾಸದಲ್ಲಿ, ನೆಂಟರಿಷ್ಟರಿಗೆ ಒಡನೆಯೇ ಕಳುಹಿಸುವ ಚಿತ್ರಗಳಿಗೆ ಮೊಬೈಲು ಧಾರಾಳವಾಗಿ ಸಾಕು. ಅಷ್ಟೇ ಬೇಕಾದವರು ಹಣ ಉಳಿಸಿಕೊಳ್ಳಬಹುದು. ಮಂದಬೆಳಕಿನಲ್ಲಿ ಮಾತ್ರ ಸಂಗತಿ ಬೇರೆ. ಬೆಳಕನ್ನು ಹಿಡಿಯುವ ಫಲಕ, ಅಂದರೆ ಸೆನ್ಸರು, ಮೊಬೈಲಿನಲ್ಲಿ ಬಲು ಚಿಕ್ಕದು. ಆರಂಭದ ದರ್ಜೆಯ ನಿಕಾನ್ ಎಸ್‌ಎಲ್‌ಆರ್‌ನಲ್ಲಿ ಅದು ಸುಮಾರು 23.5 ಮಿಲಿಮೀಟರ್ ಉದ್ದ, 15.6 ಮಿಲಿಮೀಟರ್ ಅಗಲ. ಕ್ಯಾನನ್‌ನಲ್ಲಿ ಅದಕ್ಕಿಂತ ತುಸು ಕಡಿಮೆ. ಮಳೆನೀರು ಹಿಡಿಯಲು ಲೋಟಕ್ಕಿಂತ ಕೊಳಗ ಮೇಲಲ್ಲವೆ? ಬೆಳಕಿನ ವಿಷಯದಲ್ಲಿಯೂ ಹಾಗೆಯೇ.

ಎಸ್‌ಎಲ್‌ಆರ್ ಎಂಬುದರ ಮರ್ಮ ಒಂದು ಪುಟ್ಟ ಕನ್ನಡಿಯಲ್ಲಿದೆ. ಮಸೂರದಿಂದ ಒಳಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗಿ ನೋಡುಗಂಡಿಯಲ್ಲಿ ಕಣ್ಣಿಗೆ ಕಾಣುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆ ಹಾರುತ್ತದೆ, ಷಟರು ತೆರೆಯುತ್ತದೆ, ಬೆಳಕು ಫಲಕದ ಮೇಲೆ ಬೀಳುತ್ತದೆ. ಮಸೂರ ಕಂಡದ್ದನ್ನೇ ತೆಗೆಯುವವರ ಕಣ್ಣೂ ಕಾಣುವುದು ಇದರ ಸೊಗಸು. ಮಸೂರವನ್ನು ಕಳಚಿ ಬೇರೊಂದನ್ನು ತೊಡಿಸಬಹುದಾದದ್ದು ಇದರ ಶಕ್ತಿ.

ತಂದೆಯ ಪ್ರಶ್ನೆ

1991ರಲ್ಲಿ ಕೊಡಾಕ್ ಸಂಸ್ಥೆ ನಿಕಾನ್ ಎಫ್ 3 ಕ್ಯಾಮರಾಕ್ಕೆ ತನ್ನ ವಿದ್ಯುನ್ಮಾನ ಫಲಕವನ್ನು ಜೋಡಿಸಿ ಡಿಜಿಟಲ್ ಎಸ್‌ಎಲ್‌ಆರ್ ಒಂದನ್ನು ಮಾರುಕಟ್ಟೆಗೆ ತಂದಾಗ ಅದು ಸಾಮಾನ್ಯ ಸಂಸಾರಕ್ಕೆ ಎಟುಕುವ ಪದಾರ್ಥವಾಗಿರಲಿಲ್ಲ. 2003ರಲ್ಲಿ ಬಂದ ಕ್ಯಾನನ್ ಇಒಎಸ್ 300ಡಿ ಅಮೆರಿಕದಲ್ಲಿ ಸಾವಿರ ಡಾಲರಿಗೂ ಕಡಿಮೆ ಬೆಲೆಗೆ ದೊರೆತು, ಹವ್ಯಾಸಿಗಳಿಗೆ ಬಾಗಿಲು ತೆರೆಯಿತು. ಮುಂದೆ 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಕನ್ನಡಿಯಿಲ್ಲದ ಹೊಸ ಮಾದರಿಯ ವ್ಯವಸ್ಥೆಗಳನ್ನು ಹೊರತಂದವು. ಕಂಪನಿಗಳ ಗಮನವೆಲ್ಲ ಅತ್ತ ಹರಿಯಿತು. ಅದೇ ವರ್ಷ ಬಂದ, ಹೊಸಬರಿಗೆ ಬಹಳ ಒಪ್ಪಿದ್ದ ನಿಕಾನ್ ಡಿ 3500ರ ತಯಾರಿಕೆಯೂ ಆ ಬಳಿಕ ನಿಂತುಹೋಯಿತು.

ಮಧ್ಯಮ ವರ್ಗದ ಸಂಸಾರಕ್ಕೆ ಇದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು. ಹೊಸದಕ್ಕೆ ಹೋಗುವವರು ತಮ್ಮ ಹಳೆಯ ಕ್ಯಾಮರಾ, ಮಸೂರಗಳನ್ನು ಮಾರುತ್ತಿದ್ದಾರೆ. ಅವುಗಳಲ್ಲಿ ಮದುವೆ ಮನೆಗಳಲ್ಲಿ ದುಡಿದು ಸವೆದವು ಕೆಲವು. ಕೊಂಡು ನಾಲ್ಕು ದಿನ ಆಡಿಸಿ ಬೀರುವಿನಲ್ಲಿಟ್ಟವು ಹಲವು. ಇವುಗಳಿಗೆ ಇನ್ನು ಹೊಸ ಮಸೂರಗಳು ಬರುವುದು ದುರ್ಲಭವೆಂಬುದು ನಿಜ. ಆದರೆ ಕ್ಯಾನನ್‌ನ ಇಎಫ್ ಜೋಡಣೆ 1987ರಿಂದ, ನಿಕಾನ್‌ನ ಎಫ್ ಜೋಡಣೆ 1959ರಿಂದ ನಡೆದುಬಂದದ್ದು. ಈಗಾಗಲೇ ಇರುವ ಮಸೂರಗಳೇ ಹವ್ಯಾಸಿಯೊಬ್ಬನ ಜೀವಮಾನಕ್ಕೆ ಸಾಲುವಷ್ಟಿವೆ.

ಅಂಕಿಗಳ ಮೋಹ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ಮೆಗಾಪಿಕ್ಸೆಲ್. “ಇದರಲ್ಲಿ 18, ಅದರಲ್ಲಿ 24” ಎಂದು ಅಂಗಡಿಯವರು ಹೇಳುವಾಗ ಗಿರಾಕಿ ಮನದಲ್ಲಿಯೇ ಒಂದು ಲೆಕ್ಕ ಹಾಕಿಕೊಳ್ಳಬೇಕು. ಅಂಗುಲಕ್ಕೆ 300 ಚುಕ್ಕಿಗಳಂತೆ 12 ಅಂಗುಲ ಉದ್ದ, 8 ಅಂಗುಲ ಅಗಲದ ಚಿತ್ರ ಅಚ್ಚು ಹಾಕಿಸಲು ಬೇಕಾದದ್ದು 86 ಲಕ್ಷ ಚುಕ್ಕಿಗಳು. ಅಂದರೆ ಒಂಬತ್ತು ಮೆಗಾಪಿಕ್ಸೆಲ್ಲೂ ಪೂರ್ತಿಯಾಗಿ ಬೇಡ. ಗೋಡೆಗೆ ಹಾಕುವ ಚಿತ್ರಕ್ಕೆ 18 ಆದರೂ ಸರಿ, 24 ಆದರೂ ಸರಿ. ಆ ವ್ಯತ್ಯಾಸಕ್ಕಾಗಿ ಹೆಚ್ಚಿನ ಹಣ ತೆರುವುದು ಇಬ್ಬರಿರುವ ಮನೆಗೆ ಹತ್ತು ಸೇರಿನ ಪಾತ್ರೆ ತಂದಂತೆ.

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ಮಸೂರದ ಮೇಲೆ. ಇದೊಂದೇ ಮಾತನ್ನು ನೆನಪಿನಲ್ಲಿಟ್ಟರೂ ಮೋಸಹೋಗುವ ಭಯ ಅರ್ಧ ಕಡಿಮೆಯಾಗುತ್ತದೆ.

ಕ್ಯಾಮರಾದೊಡನೆ ಸಾಮಾನ್ಯವಾಗಿ ಕೊಡುವುದು 18ರಿಂದ 55 ಮಿಲಿಮೀಟರಿನ ಜೂಮ್ ಲೆನ್ಸು. ಹಗಲಿನಲ್ಲಿ ಅದು ಒಳ್ಳೆಯ ಕೆಲಸಗಾರ. ಆದರೆ 55ರ ತುದಿಯಲ್ಲಿ ಅದರ ಬಾಯಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. ಎಫ್ 1.8ರವರೆಗೆ ತೆರೆಯುವ 50 ಮಿಲಿಮೀಟರಿನ ಸಾದಾ ಲೆನ್ಸು ಅದರ ಹತ್ತರಷ್ಟು ಬೆಳಕನ್ನು ಒಳಬಿಡುತ್ತದೆ. ಮೊದಲನೆಯದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದ ಕಾಲ ಬೇಕಾದ ಕಡೆ ಎರಡನೆಯದಕ್ಕೆ ನೂರನೆಯ ಒಂದು ಭಾಗ ಸಾಕು. ಹೂ ಕಟ್ಟುವ ಅಜ್ಜಿಯ ಬೆರಳು ಮಸಕಾಗುವುದೂ ಸ್ಪಷ್ಟವಾಗಿ ನಿಲ್ಲುವುದೂ ಈ ಅಂತರದಲ್ಲಿಯೇ ತೀರ್ಮಾನವಾಗುತ್ತದೆ. ಇಂತಹ 50ರ ಲೆನ್ಸು ಎರಡೂ ಕಂಪನಿಗಳಲ್ಲಿ ಅಗ್ಗದ ಮಸೂರಗಳ ಸಾಲಿಗೆ ಸೇರಿದ್ದು.

ಇಲ್ಲಿ ಒಂದು ಸೂಕ್ಷ್ಮವುಂಟು. ಚಿಕ್ಕ ಫಲಕದ ಈ ಕ್ಯಾಮರಾಗಳಲ್ಲಿ 50ರ ಲೆನ್ಸು ಹಳೆಯ ಫಿಲ್ಮ್ ಕ್ಯಾಮರಾದ 75 ಅಥವಾ 80ರಂತೆ ದೃಶ್ಯವನ್ನು ಹತ್ತಿರಕ್ಕೆ ಎಳೆಯುತ್ತದೆ. ಒಬ್ಬರ ಮುಖಕ್ಕೆ ಅದು ಹೇಳಿಮಾಡಿಸಿದಂತಿರುತ್ತದೆ. ಹತ್ತಡಿಯ ಕೋಣೆಯಲ್ಲಿ ನಾಲ್ವರನ್ನು ಕೂಡಿಸಿ ತೆಗೆಯಹೊರಟರೆ ಬೆನ್ನಿಗೆ ಗೋಡೆ ತಾಗುತ್ತದೆ! ಮನೆಯೊಳಗೇ ಹೆಚ್ಚಾಗಿ ತೆಗೆಯುವವರಿಗೆ ನಿಕಾನ್‌ನಲ್ಲಿ 35ರ ಎಫ್ 1.8, ಕ್ಯಾನನ್‌ನಲ್ಲಿ 24ರ ಎಫ್ 2.8 ಲೆನ್ಸು ಹೆಚ್ಚು ಅನುಕೂಲ.

ಅಗ್ಗದಲ್ಲಿ ಅಡಗಿದ ಕೊರತೆ

ನಿಕಾನ್‌ನ ಡಿ 3000 ಮತ್ತು ಡಿ 5000 ಸರಣಿಯ ಕ್ಯಾಮರಾಗಳ ಒಡಲಿನಲ್ಲಿ ಮಸೂರವನ್ನು ತಿರುಗಿಸುವ ಮೋಟಾರು ಇಲ್ಲ. ಮೋಟಾರು ಮಸೂರದಲ್ಲಿಯೇ ಇರಬೇಕು. ಅಂತಹವುಗಳ ಮೇಲೆ ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದು ಬರೆದಿರುತ್ತದೆ. ‘ಎಎಫ್ 50, 1.8 ಡಿ’ ಎಂಬ ಹಳೆಯ ಲೆನ್ಸು ಬಹಳ ಅಗ್ಗವಾಗಿ ಸಿಕ್ಕಿತೆಂದು ಕೊಂಡು ತಂದರೆ ಪ್ರತಿ ಚಿತ್ರಕ್ಕೂ ಕೈಯಿಂದಲೇ ಫೋಕಸ್ ತಿರುಗಿಸುತ್ತ ಕೂರಬೇಕಾದೀತು. ‘ಎಎಫ್-ಪಿ’ ಕೂಡ ಹಳೆಯ ಕೆಲವು ಮಾದರಿಗಳೊಂದಿಗೆ ಹೊಂದಿಕೊಳ್ಳದು. ಆದಕಾರಣ ಮಸೂರವನ್ನು ತಮ್ಮದೇ ಕ್ಯಾಮರಾಕ್ಕೆ ತೊಡಿಸಿ ನೋಡದೆ ಹಣ ಕೊಡಬಾರದು. ಕ್ಯಾನನ್‌ನ ಇಎಫ್ ಮಸೂರಗಳಲ್ಲಿ ಮೋಟಾರು ಒಳಗೇ ಇರುವುದರಿಂದ ಈ ತಾಪತ್ರಯವಿಲ್ಲ.

ಕ್ಯಾನನ್‌ನಲ್ಲಿ ಎಚ್ಚರ ವಹಿಸಬೇಕಾದ ಕಡೆ ಬೇರೆ. ಅದರ 1500ಡಿ ಮತ್ತು 3000ಡಿ ಎರಡೂ 2018ರಲ್ಲಿ ಬಂದವು. 3000ಡಿಯಲ್ಲಿ ಮಸೂರವನ್ನು ತೊಡಿಸುವ ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ನೋಡುಗಂಡಿಯನ್ನು ಕಣ್ಣಿನ ದೃಷ್ಟಿಗೆ ಹೊಂದಿಸಿಕೊಳ್ಳುವ ತಿರುಪೂ ಅದರಲ್ಲಿಲ್ಲ. ಕನ್ನಡಕ ಹಾಕುವವರಿರುವ ಮನೆಯಲ್ಲಿ ಈ ತಿರುಪು ಎಷ್ಟು ದೊಡ್ಡ ಸಂಗತಿಯೆಂದು ಕನ್ನಡಕದವರೇ ಬಲ್ಲರು. ಇವೆರಡೂ 1500ಡಿಯಲ್ಲಿ ಸರಿಯಾಗಿವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಬಳಸಿದ ಕ್ಯಾಮರಾವನ್ನು ಹಗಲಿನಲ್ಲಿಯೇ ನೋಡಬೇಕು. ಮೊದಲು ಮಸೂರದ ಒಂದು ಬದಿಯಿಂದ ಟಾರ್ಚು ಹಾಕಿ ಇನ್ನೊಂದು ಬದಿಯಿಂದ ಇಣುಕಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಬೆಲೆ ಎಷ್ಟೇ ಇಳಿದರೂ ಹಿಂದಿರುಗಿಸುವುದೇ ಕ್ಷೇಮ. ಎರಡನೆಯದಾಗಿ, ಎಫ್ 16ಕ್ಕೆ ಇಟ್ಟು ಬರಿಯ ಆಕಾಶದ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಬೇಕು. ಕಪ್ಪು ಚುಕ್ಕೆಗಳಿದ್ದರೆ ಫಲಕದ ಮೇಲೆ ಧೂಳು ಕುಳಿತಿದೆಯೆಂದರ್ಥ. ಧೂಳನ್ನು ತೆಗೆಸಬಹುದು, ಗೀರನ್ನು ತೆಗೆಸಲಾಗದು. ಮೂರನೆಯದು ಷಟರು ಎಷ್ಟು ಸಲ ಬಡಿದಿದೆ ಎಂಬುದು. ನಿಕಾನ್ ಡಿ 3500ರ ಷಟರನ್ನು ಒಂದು ಲಕ್ಷ ಬಡಿತಗಳಿಗೆ ಪರೀಕ್ಷಿಸಲಾಗಿದೆ. ನಿಕಾನ್ ತೆಗೆದ ಚಿತ್ರದೊಳಗೆ ಈ ಎಣಿಕೆ ಅಡಗಿರುತ್ತದೆ. ಕಂಪ್ಯೂಟರಿನಲ್ಲಿ ತೆರೆದು ತಿಳಿಯಬಹುದು. ಬ್ಯಾಟರಿ ಉಬ್ಬಿದೆಯೇ, ಕಾರ್ಡು ಸಲೀಸಾಗಿ ಕೂರುತ್ತದೆಯೇ, ಸಮೀಪಕ್ಕೂ ದೂರಕ್ಕೂ ಫೋಕಸ್ ತಡವರಿಸದೆ ಹೋಗುತ್ತದೆಯೇ, ಮೂಲ ರಸೀದಿ ಇದೆಯೇ ಎಂಬುದನ್ನೂ ವಿಚಾರಿಸಬೇಕು. ಇವಿಷ್ಟಕ್ಕೆ ಬೇಕಾದದ್ದು ಅರ್ಧ ಗಂಟೆ. ಅಷ್ಟು ಹೊತ್ತು ಕೊಡಲು ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬರುವುದು ಉತ್ತಮ.

ಕೊಂಡ ಮೇಲಿನ ಜೋಪಾನವೂ ಮುಖ್ಯ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ತೇವವೇ ಮಸೂರದ ಶತ್ರು. ಬಟ್ಟೆ ಬೀರುವಿನ ಕತ್ತಲಿಗಿಂತ, ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡುವುದು ಮೇಲು. ವಾರಕ್ಕೊಮ್ಮೆ ಹೊರತೆಗೆದು ಬಳಸುವುದು ಎಲ್ಲಕ್ಕಿಂತ ಮೇಲು.

ಮೂರು ಪಾಲು

ಕೈಯಲ್ಲಿರುವ ಹಣ ಎಷ್ಟೇ ಆಗಲಿ, ಅದನ್ನು ಮೂರು ಪಾಲು ಮಾಡಿಕೊಳ್ಳುವುದು ವಿವೇಕ. ಒಂದು ಪಾಲು ಕ್ಯಾಮರಾಕ್ಕೆ, ಅದು ಮಾದರಿಯಲ್ಲಿ ಹಳೆಯದಾದರೂ ಚಿಂತೆಯಿಲ್ಲ. ಇನ್ನೊಂದು ಪಾಲು ದೊಡ್ಡ ಬಾಯಿಯ ಮಸೂರಕ್ಕೆ. ಮೂರನೆಯದು ಚಿಕ್ಕದಾದರೂ ಸರಿ, ಅಚ್ಚು ಹಾಕಿಸುವುದಕ್ಕೆ. ಈ ಕಡೆಯ ಪಾಲನ್ನು ಬಹುತೇಕರು ಮರೆಯುತ್ತಾರೆ. ಪರಿಣಾಮವಾಗಿ ಹೊಸ ಕ್ಯಾಮರಾದ ಚಿತ್ರಗಳೂ ಮೊಬೈಲಿನವುಗಳಂತೆಯೇ ಕಾರ್ಡಿನೊಳಗೆ ಉಳಿದುಹೋಗುತ್ತವೆ. ಒಂದು ದಿನ ಕಾರ್ಡು ಕೆಡುತ್ತದೆ, ಚಿತ್ರಗಳು ಹೋಗುತ್ತವೆ. ಆ ವೇಳೆಗೆ ಚಿತ್ರದಲ್ಲಿದ್ದವರೂ ಇರುವುದಿಲ್ಲ.

ಇನ್ನು ಆ ಮನೆಯ ವಿಷಯ. ದೀಪಾವಳಿಗೆ ಬಂದದ್ದು ಯಾರೋ ಒಂದು ವರ್ಷ ಬಳಸಿದ ಕ್ಯಾಮರಾ. ಜೊತೆಗೆ 35ರ ಒಂದು ಲೆನ್ಸು. ಹಬ್ಬದ ಸಂಜೆ ಅಜ್ಜಿ ಎಂದಿನಂತೆ ಹೂ ಕಟ್ಟುತ್ತ ಕುಳಿತಿದ್ದರು.

“ಇದೇನೇ, ಕತ್ತಲಲ್ಲಿ ಏನು ಕಾಣುತ್ತದೆ ನಿನಗೆ?” ಎಂದು ಕೇಳಿದರು.

“ಎಲ್ಲ ಕಾಣುತ್ತದೆ ಅಜ್ಜಿ, ನೀವು ಕಟ್ಟಿ” ಎಂದಳು ಮೊಮ್ಮಗಳು.

ಮರುವಾರ ಎಂಟು ಅಂಗುಲ ಅಗಲದ ಕಾಗದದ ಮೇಲೆ ಆ ಚಿತ್ರ ಮನೆಗೆ ಬಂತು. ಬೆರಳಿನ ಸುಕ್ಕು, ಬಾಳೆನಾರಿನ ಎಳೆ, ಮಲ್ಲಿಗೆಯ ತೊಟ್ಟು, ಒಂದೂ ಮಸಕಾಗಿರಲಿಲ್ಲ. ತಾಯಿ ಅದನ್ನು ಬಹಳ ಹೊತ್ತು ನೋಡಿ, ಮೊಬೈಲಿನ ಮಾತು ಎತ್ತದೆ, ಚೌಕಟ್ಟು ಹಾಕುವ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ವಿಚಾರಿಸಿದರು.