ಅಡ್ವಾನ್ಸ್ ಯಾರ ಹಣ?

ಕಳೆದ ವರ್ಷ ಒಂದು ರಾತ್ರಿ ಹತ್ತರ ಮೇಲೆ ನಮ್ಮ ಮನೆ ಬಾಗಿಲು ತಟ್ಟಿದವಳು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳು. ತುಟಿ ಒಡೆದಿತ್ತು, ಕಂಕುಳಲ್ಲಿ ಮಗು. ಠಾಣೆಗೆ ಹೋಗೋಣವೇ ಎಂದೆ. "ಅದು ಆಮೇಲೆ ಮೇಡಂ, ಮೊದಲು ನನ್ನ ಅಡ್ವಾನ್ಸ್ ಕೊಡಿಸಿ" ಎಂದಳು. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿದ ನನಗೆ ಆ ಮಾತು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಚೊಕ್ಕಸಂದ್ರದ ವಠಾರದಲ್ಲಿ ಅವಳದು ಒಂದೇ ಕೋಣೆಯ ಶೀಟ್ ಮನೆ. ಬಾಡಿಗೆ 5,000, ಅಡ್ವಾನ್ಸ್ 50,000. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು "ನಮಗೇನೂ ಬೇಡ, ಮನೆ ಅಡ್ವಾನ್ಸ್ ಕಟ್ಟಿಕೊಡಿ ಸಾಕು" ಎಂದಿದ್ದರಂತೆ. ಅಪ್ಪ ಕುರಿ ಮಾರಿ ಕಟ್ಟಿದ. ಅಗ್ರಿಮೆಂಟ್ ಅಳಿಯನ ಹೆಸರಿಗಾಯಿತು. ಇದು ವರದಕ್ಷಿಣೆಯಲ್ಲದೆ ಮತ್ತೇನು? 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನಂತೆ ಅಂಥ ಹಣ ಹೆಣ್ಣಿಗೇ ಸೇರಬೇಕು. ಮಾಲೀಕರು ಮಾತ್ರ "ಸಹಿ ಹಾಕಿದವನು ಬರಲಿ" ಎಂದರು. ಸಹಿ ಹಾಕಿದವನು ಬಂದ, ಹಣ ಎಣಿಸಿಕೊಂಡು ಹೋದ, ಮನೆಯೂ ಹೋಯಿತು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಾಡಿಗೆ ಮನೆಯಲ್ಲೂ ಹೆಂಡತಿಗೆ ವಾಸದ ಹಕ್ಕು ಕೊಡುತ್ತದೆ; ಬೇರೆ ಮನೆಯ ಬಾಡಿಗೆಯನ್ನು ಗಂಡನಿಂದ ಕೊಡಿಸಲೂ ಅವಕಾಶವಿದೆ. ನಿಜ. ಆದರೆ ಆದೇಶ ಕೈಗೆ ಬರುವವರೆಗೆ ವಠಾರದ ಕೋಣೆ ಖಾಲಿ ಇರುತ್ತದೆಯೇ?

ತಿದ್ದಬೇಕಾದದ್ದು ರಾಜ್ಯದ 1999ರ ಬಾಡಿಗೆ ಕಾಯ್ದೆಯನ್ನು. ಬೆಂಗಳೂರಿನಲ್ಲಿ ಅದು ಹಾಕಿಕೊಂಡ ಮಿತಿ ತಿಂಗಳಿಗೆ 3,500 ರೂಪಾಯಿ. ಅಷ್ಟಕ್ಕೆ ಇಂದು ಪೀಣ್ಯದ ಸುತ್ತ ಎಂಥ ಮನೆ ಸಿಕ್ಕೀತು! ಬಾಡಿಗೆದಾರ ಸತ್ತರೆ ಅವನ ಹಕ್ಕು ಹೆಂಡತಿಗೆ ದಾಟುತ್ತದೆ ಎಂದು ಆ ಕಾಯ್ದೆ ಹೇಳುತ್ತದೆ. ಬದುಕಿರುವ ಗಂಡ ಹೊಡೆದು ಹೊರಗೆ ಹಾಕಿದರೆ ಅದರಲ್ಲಿ ಅವಳಿಗೆ ಹೆಸರೇ ಇಲ್ಲ.

ಸರ್ಕಾರಕ್ಕೆ ಹೆಣ್ಣಿನ ಹೆಸರು ಬರೆಯಲು ಬಾರದೆಂದಲ್ಲ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಹೆಂಗಸಿನ ಅಥವಾ ಜಂಟಿ ಹೆಸರಿನಲ್ಲಿರಬೇಕೆಂದು ನಿಯಮ ಮಾಡಿತು. ಕೊಳ್ಳುವ ಮನೆಗೆ ಆದದ್ದು ಬಾಡಿಗೆ ಮನೆಗೆ ಯಾಕಾಗಬಾರದು? ದುಡಿಯುವ ಹೆಂಗಸರು ಇರುವುದೇ ಬಾಡಿಗೆ ಕೋಣೆಗಳಲ್ಲಿ. ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರೂ ಇರಲಿ. ಅಡ್ವಾನ್ಸ್ ರಸೀದಿ ಹಣ ಕೊಟ್ಟವರ ಹೆಸರಿಗಿರಲಿ, ಹೆಂಡತಿಯ ಸಹಿಯಿಲ್ಲದೆ ಅದನ್ನು ಹಿಂತಿರುಗಿಸಬಾರದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಅದು ಬರೀ ಮಾದರಿ, ರಾಜ್ಯ ತನ್ನ ಕಾನೂನು ಮಾಡಿದರಷ್ಟೇ ಜೀವ. ಬಾಡಿಗೆಯಲ್ಲೇ ಜೀವನ ನಡೆಸುವ ವಿಧವೆ ಮಾಲೀಕರೂ ಇದ್ದಾರೆ, ಬಲ್ಲೆ. ಕಾಗದದಲ್ಲಿ ಎರಡು ಹೆಸರಿದ್ದರೆ ಅವರಿಗೇನೂ ನಷ್ಟವಿಲ್ಲ.

ಆ ಹೆಣ್ಣುಮಗಳು ಈಗ ಲಗ್ಗೆರೆಯಲ್ಲಿ ಗೆಳತಿಯ ಕೋಣೆಯಲ್ಲಿದ್ದಾಳೆ. ಹೊಸ ಅಡ್ವಾನ್ಸ್‌ಗೆಂದು ಚೀಟಿ ಹಾಕಿದ್ದಾಳೆ.